‘ಅಷ್ಟೊಂದು ಹಿಂಸೆ ಇದ್ದರೆ ಮಕ್ಕಳೇಕೆ ಹೇಳುವುದಿಲ್ಲ?’

ಬಾಲಾಪರಾಧಿಗಳ ಸುಧಾರಣಾ ಗೃಹಗಳೊಳಗಿನ ಶೋಷಣೆಯ ಬಗ್ಗೆ ನಾನು ಮಾತೆತ್ತಿದಾಗಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಕೇಳುತ್ತಾರೆ. ಕೇಳುವವರಲ್ಲಿ ಕೆಟ್ಟ ಉದ್ದೇಶವಿರುವುದಿಲ್ಲ. ಆದರೆ ದೂರು ಬಾರದಿದ್ದರೆ ಹಿಂಸೆಯೂ ಇರಲಾರದು ಎಂಬ ನಂಬಿಕೆ ಆ ಪ್ರಶ್ನೆಯೊಳಗೆ ಅಡಗಿರುತ್ತದೆ.

ಹೊಸದಾಗಿ ಬಂದ ಹುಡುಗನ ಮೇಲೆ ಮೊದಲ ದಿನವೇ ಕೈ ಬೀಳಬೇಕೆಂದಿಲ್ಲ. ಊಟದ ಹೊತ್ತಿನಲ್ಲಿ ದೊಡ್ಡವನೊಬ್ಬ ಅವನ ತಟ್ಟೆಯಲ್ಲಿರುವ ಸಿಹಿಯನ್ನು ಕೇಳುತ್ತಾನೆ, ಇವನು ಕೊಡುತ್ತಾನೆ, ಇವನು ಎದುರಾಡುವವನಲ್ಲ ಎಂಬುದು ಅಂದೇ ಎಲ್ಲರಿಗೂ ತಿಳಿದುಹೋಗುತ್ತದೆ. ಆಮೇಲೆ ಇಡೀ ಊಟ, ಮನೆಯವರು ತಂದುಕೊಟ್ಟ ಬಟ್ಟೆ, ಇತರರ ಪಾಲಿನ ಕೆಲಸ, ಕೆಲವೊಮ್ಮೆ ಕೊನೆಗೆ ದೇಹ. ಪ್ರತಿಯೊಂದು ಬೇಡಿಕೆಯೂ ಹಿಂದಿನದಕ್ಕಿಂತ ತುಸುವೇ ದೊಡ್ಡದಾಗಿರುವುದರಿಂದ, ತಾನು ಯಾವ ದಿನ ಬಾಯಿ ಬಿಡಬೇಕಿತ್ತು ಎಂಬುದು ಆ ಮಗುವಿಗೇ ಗೊತ್ತಾಗುವುದಿಲ್ಲ.

ಬಾಯಿ ಬಿಟ್ಟರೂ ಯಾರ ಮುಂದೆ? ಕೈಗೆ ಸಾಕಷ್ಟು ಜನರಿಲ್ಲದ ಮೇಲ್ವಿಚಾರಕನು ಆ ಬಲಿಷ್ಠ ಹುಡುಗರ ಮೂಲಕವೇ ಶಿಸ್ತು ಕಾಯ್ದುಕೊಂಡಿರುತ್ತಾನೆ. ದೂರಿತ್ತವನು ರಾತ್ರಿ ಅದೇ ಕೋಣೆಗೆ ಮರಳಿ ಮಲಗಬೇಕು. ರಕ್ಷಣೆಯೆಂದು ಬೇರೆ ಇರಿಸಿದರೆ ಅದು ಏಕಾಂತವಾಸವಾಗಿ, ಅನ್ಯಾಯಕ್ಕೊಳಗಾದವನಿಗೇ ಶಿಕ್ಷೆಯಾಗುತ್ತದೆ. ನಡತೆ ಚೆನ್ನಾಗಿದೆ, ಬಿಡಬಹುದು ಎಂದು ವರದಿ ಬರೆಯುವುದೂ ಅಲ್ಲಿನ ಸಿಬ್ಬಂದಿಯೇ. ಹೀಗಿರುವಾಗ ಮೌನವನ್ನು ನಾನು ಮಕ್ಕಳ ದೌರ್ಬಲ್ಯವೆಂದು ಕರೆಯಲಾರೆ. ಅದು ಸಂಸ್ಥೆಯೇ ಕಲಿಸಿದ ಪಾಠ.

ಈ ಮೌನ ಒಮ್ಮೆ ಮುರಿದದ್ದು ಹೇಗೆಂಬುದನ್ನು ಗಮನಿಸಬೇಕು. ಅಮೆರಿಕದ ನ್ಯಾಯ ಅಂಕಿಅಂಶಗಳ ಇಲಾಖೆಯು 2012ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಮಕ್ಕಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ, ಕಂಪ್ಯೂಟರಿನ ಪರದೆ ಮುಟ್ಟಿ ಉತ್ತರಿಸಿದರು. ಲೈಂಗಿಕ ದೌರ್ಜನ್ಯಕ್ಕೊಳಗಾಗಿದ್ದೇವೆ ಎಂದವರು ಶೇ. 9.5. ಸಹವಾಸಿಗಳತ್ತ ಬೆರಳು ಮಾಡಿದವರು ಶೇ. 2.5 ಮಾತ್ರ, ಸಿಬ್ಬಂದಿಯತ್ತ ಬೆರಳು ಮಾಡಿದವರು ಶೇ. 7.7. ‘ಹುಡುಗರೇ ಹುಡುಗರನ್ನು ಹಿಂಸಿಸುತ್ತಾರೆ, ಯಾರೇನು ಮಾಡಲಾದೀತು’ ಎನ್ನುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲಿ ಎಂದು ನಾನು ಬೇಡುತ್ತೇನೆ.

ಸ್ವಾತಂತ್ರ್ಯ ಕಳೆದುಕೊಂಡ ಬಾಲಕರ ರಕ್ಷಣೆಗಾಗಿ ವಿಶ್ವಸಂಸ್ಥೆ 1990ರಲ್ಲಿ ಅಂಗೀಕರಿಸಿದ ನಿಯಮಗಳು ಇದನ್ನು ಅರಿತೇ ರಚನೆಯಾದವು: ಆಡಳಿತಕ್ಕೆ ಸೇರದ ಪರಿವೀಕ್ಷಕರು ಮುನ್ಸೂಚನೆಯಿಲ್ಲದೆ ಬರಬೇಕು, ಮಕ್ಕಳ ದೂರನ್ನು ಯಾರೂ ತಿದ್ದಬಾರದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದುದು ಆ ಪರಿವೀಕ್ಷಕನು ಮಗುವಿನೊಂದಿಗೆ ಒಬ್ಬನೇ ಕುಳಿತು ಕಳೆಯುವ ಹೊತ್ತು, ಮತ್ತು ಮುಂದಿನ ವಾರ ಮರಳಿ ಬಂದು ಅದೇ ಮಗುವನ್ನು ಹುಡುಕಿ ಮಾತನಾಡಿಸುವುದು.