ಭಾನುವಾರ ರಾತ್ರಿ ಫೈನಲ್ ಇಡಬೇಡಿ

ಡಿಸೆಂಬರ್ ಕೊನೆಯ ವಾರ ಕರಾವಳಿಯಲ್ಲಿ ಹೊನಲು ಬೆಳಕಿನ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟುಗಳಿಗೆ ಬರವಿಲ್ಲ. ಬಹುಮಾನದ ಮೊತ್ತ, ಲೈಟು, ಟ್ರೋಫಿಯ ಎತ್ತರ ಎಲ್ಲದಕ್ಕೂ ವಾರಗಟ್ಟಲೆ ಚರ್ಚೆ. ವೇಳಾಪಟ್ಟಿ ಮಾತ್ರ ಲಾಟ್ಸ್ ಎತ್ತಿದ ರಾತ್ರಿ ಅರ್ಧ ಗಂಟೆಯಲ್ಲಿ ಗೀಚಿ ಮುಗಿಸುವ ಕೆಲಸ. ಮೈದಾನ ಖಾಲಿ ಹೊಡೆಯುವುದು ಬಹಳ ಸಲ ಇದರಿಂದಲೇ.

ಪಟ್ಟಿಯನ್ನು ಫೈನಲ್‌ನಿಂದ ಹಿಂದಕ್ಕೆ ಬರೆಯಬೇಕು. ಫೈನಲ್ ಭಾನುವಾರ ರಾತ್ರಿ ಒಂಬತ್ತಕ್ಕೆ ಬಿದ್ದರೆ, ರಜೆಗೆ ಊರಿಗೆ ಬಂದ ಹುಡುಗರು ಆ ಹೊತ್ತಿಗೆ ಬೆಂಗಳೂರಿನ ಸ್ಲೀಪರ್ ಬಸ್ಸಿನಲ್ಲಿರುತ್ತಾರೆ. ಮೇಲಾಗಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಮೈಕು ನಿಂತು ಕಾಮೆಂಟರಿ ಸತ್ತ ಮೇಲೆ ಯಾರು ಕೂರುತ್ತಾರೆ?

2026ರ ಕ್ರಿಸ್‌ಮಸ್ ಶುಕ್ರವಾರ ಬರುತ್ತದೆ, ಮೂರು ದಿನ ಸಲೀಸಾಗಿ ಸಿಗುತ್ತವೆ. ಆರು ಓವರ್‌ಗಳ ಪಂದ್ಯಕ್ಕೆ ಓವರಿಗೆ ನಾಲ್ಕು ನಿಮಿಷದಂತೆ ಎರಡೂ ಇನಿಂಗ್ಸ್ ಸೇರಿ 48 ನಿಮಿಷ. ಟಾಸ್, ಇನಿಂಗ್ಸ್ ಬದಲಾವಣೆ, ಪೊದೆಯೊಳಗೆ ಹೋದ ಚೆಂಡು ಎಲ್ಲ ಸೇರಿ ಒಂದು ಗಂಟೆ. ಇದಕ್ಕಿಂತ ಕಡಿಮೆ ಲೆಕ್ಕ ಹಾಕಿದವರ ಪಟ್ಟಿ ಮೂರನೇ ಪಂದ್ಯಕ್ಕೇ ಹಳಿ ತಪ್ಪುತ್ತದೆ.

ಹದಿನಾರು ತಂಡಗಳ ನಾಕೌಟ್ ಅಂದರೆ 15 ಪಂದ್ಯ. ಎಂಟು ತಂಡಗಳನ್ನು ಎರಡು ಗುಂಪು ಮಾಡಿ ಲೀಗ್ ಆಡಿಸಿದರೂ 12 ಲೀಗ್, ಎರಡು ಸೆಮಿ, ಒಂದು ಫೈನಲ್, ಅದೇ 15. ವ್ಯತ್ಯಾಸ ಇಷ್ಟೇ: ನಾಕೌಟ್‌ನಲ್ಲಿ ಎಂಟು ತಂಡಗಳು ಒಂದೇ ಪಂದ್ಯ ಆಡಿ ತಮ್ಮ ಬೆಂಬಲಿಗರನ್ನೂ ಕಟ್ಟಿಕೊಂಡು ಮನೆಗೆ ಹೋಗುತ್ತವೆ. ಲೀಗ್‌ನಲ್ಲಿ ಪ್ರತಿ ತಂಡಕ್ಕೂ ಮೂರು ಪಂದ್ಯ ಖಾತ್ರಿ. ಎಂಟ್ರಿ ಫೀಯಿಂದ ಬರುವ ಹಣ ಅರ್ಧಕ್ಕಿಳಿಯುತ್ತದೆ, ನಿಜ. ಜನ ಬೇಕೋ ಫೀ ಬೇಕೋ ಎಂದು ಸಂಘದವರು ಮೊದಲೇ ತೀರ್ಮಾನಿಸಲಿ.

ಶುಕ್ರವಾರ, ಶನಿವಾರ ಮಧ್ಯಾಹ್ನ ಮೂರರಿಂದ ಆರಾರು ಪಂದ್ಯ. ಒಂಬತ್ತಕ್ಕೆ ಮುಗಿಯುವ ಲೆಕ್ಕ, ಮೇಲೊಂದು ಗಂಟೆ ವಿಳಂಬಕ್ಕೆ ಮೀಸಲು. ಒಂದೇ ಗುಂಪಿನ ಆರೂ ಪಂದ್ಯ ಒಂದೇ ದಿನ ಮುಗಿಸಬೇಡಿ, ದಿನಕ್ಕೆ ಮೂರು ಮೂರು ಹಂಚಿ. ಊರಿನ ತಂಡಕ್ಕೆ ಸಂಜೆ ಆರರಿಂದ ಎಂಟರೊಳಗಿನ ಹೊತ್ತು. ಹೆಂಗಸರು, ಮಕ್ಕಳು ಬರುವುದು ಆಗಲೇ. ಕೊನೆಯ ಪಂದ್ಯಕ್ಕೆ ಮಂಜು ಬಿದ್ದು ಚೆಂಡು ನೆನೆದು ಭಾರವಾಗುತ್ತದೆ, ಬೌಲರ್ ಕೈಯಲ್ಲಿ ನಿಲ್ಲುವುದಿಲ್ಲ. ಇನಿಂಗ್ಸಿಗೆ ಮೂರು ಚೆಂಡು, ಒರೆಸಲು ಟವೆಲ್ ಇಟ್ಟುಕೊಳ್ಳಿ. ಭಾನುವಾರ ಮೂರೂವರೆಗೆ, ನಾಲ್ಕೂವರೆಗೆ ಸೆಮಿಫೈನಲ್, ಆರಕ್ಕೆ ಫೈನಲ್, ಏಳೂವರೆಯೊಳಗೆ ಬಹುಮಾನ ವಿತರಣೆ. ಅತಿಥಿಗಳ ಭಾಷಣ ಫೈನಲ್‌ಗೆ ಮೊದಲೇ ಮುಗಿಯಲಿ.

ಪಂದ್ಯ ಹೆಚ್ಚಿಸಿದಷ್ಟೂ ಜನ ಹೆಚ್ಚುತ್ತಾರೆಂಬ ಭ್ರಮೆ ದೊಡ್ಡವರಿಗೂ ಇತ್ತು. ಆಸ್ಟ್ರೇಲಿಯಾದ ಬಿಗ್ ಬ್ಯಾಷ್ ಶಾಲಾ ರಜೆಯನ್ನೇ ನಂಬಿ ಬೆಳೆದ ಟಿ20 ಟೂರ್ನಿ. 2018-19ರಲ್ಲಿ ಲೀಗ್ ಹಂತದಲ್ಲಿ ಪ್ರತಿ ತಂಡಕ್ಕೆ 14 ಪಂದ್ಯ ಮಾಡಿದರು. ಶಾಲೆ ಶುರುವಾದ ಮೇಲೂ ಫೆಬ್ರವರಿ ಮಧ್ಯದವರೆಗೆ ಎಳೆಯಿತು, ಗ್ಯಾಲರಿ ಬರಿದಾಯಿತು. 2023-24ರಿಂದ ಮತ್ತೆ ಹತ್ತಕ್ಕೆ ಇಳಿಸಿದರು. ಅದೇ ದೇಶದ ಮೆಲ್ಬರ್ನ್‌ನಲ್ಲಿ ಡಿಸೆಂಬರ್ 26ರ ಟೆಸ್ಟ್‌ಗೆ ದಿನಾಂಕವೇ ಆಮಂತ್ರಣ. 2013ರಲ್ಲಿ ಮೊದಲ ದಿನವೇ 91,112 ಜನ. ನಮ್ಮ ಪಕ್ಕದ ಚೆನ್ನೈನ ಚೆಪಾಕ್ ಮೈದಾನಕ್ಕೂ ಪೊಂಗಲ್ ಟೆಸ್ಟ್‌ನ ರೂಢಿ ಇತ್ತು. 1975ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ಎದುರು ನಮ್ಮ ಜಿ.ಆರ್. ವಿಶ್ವನಾಥ್ ಅಜೇಯ 97 ಹೊಡೆದದ್ದು ಅಲ್ಲೇ.

ಹಾಗಾಗಿ ವರ್ಷ ವರ್ಷ ದಿನ ಬದಲಿಸಬೇಡಿ. ಹಿಡಿದ ದಿನದಂದು ಪಕ್ಕದೂರಿನಲ್ಲಿ ಕಂಬಳ, ಕೋಲ, ಯಕ್ಷಗಾನ ಇದೆಯೇ ಎಂದು ಮೈದಾನ ಬುಕ್ ಮಾಡುವ ಮೊದಲೇ ವಿಚಾರಿಸಿ. ಕರಪತ್ರದಲ್ಲಿ ‘ಸಂಜೆಯಿಂದ’ ಎಂದು ಹಾಕದೆ ಫೈನಲ್‌ನ ಗಂಟೆಯನ್ನೇ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ, ಆ ಗಂಟೆಗೇ ಟಾಸ್ ಮಾಡಿ.