ಮಹಾಡ್‌ಗೆ ಹೋಗುವವರು ಆ ಭಾಷಣ ಓದಿಕೊಂಡೇ ಹೋಗಿ

ಪುಣೆಯ ಸ್ವಾರ್‌ಗೇಟ್‌ನಲ್ಲಿ ಎಸ್‌ಟಿ ಬಸ್ ಹತ್ತಿ ಕೂತಮೇಲೆ ಅಪ್ಪ ಕೇಳಿದ್ದು ಒಂದೇ ಮಾತು. "ಕೆರೆಗೆ ಇಳಿಯೋಕೆ ಮೆಟ್ಟಿಲು ಇದಾವೇನಮ್ಮಾ?" ಅಪ್ಪನಿಗೆ ಎಪ್ಪತ್ತು ದಾಟಿದೆ, ಮಂಡಿ ನೋವು ಬೇರೆ. ಅದಕ್ಕೇ ಕೇಳ್ತಿದ್ದಾರೆ ಅಂದುಕೊಂಡೆ.

ನಾವು ಹೊರಟಿದ್ದು ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ್‌ಗೆ. ಅಲ್ಲಿನ ಚವದಾರ್ ಕೆರೆ ನೋಡುವುದು ಅಪ್ಪನ ಬಹಳ ವರ್ಷದ ಆಸೆ. 1927ರ ಮಾರ್ಚ್ 20ರಂದು ಬಾಬಾಸಾಹೇಬ್ ಅಂಬೇಡ್ಕರ್ ಸಾವಿರಾರು ಜನರ ಜೊತೆ ಮೆರವಣಿಗೆಯಲ್ಲಿ ಬಂದು ದಲಿತರು ಮುಟ್ಟುವಂತಿಲ್ಲದ ನೀರನ್ನು ಮುಟ್ಟಿ ಕುಡಿದ ಕೆರೆ ಅದು. 2027ರ ಮಾರ್ಚ್ 20ಕ್ಕೆ ಸರಿಯಾಗಿ ನೂರು ವರ್ಷ. ಆಗ ಹೋಗಬೇಕು ಅಂದುಕೊಂಡಿರುವವರು ತುಂಬ ಜನ ಇರುತ್ತಾರೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ದಾರಿ. ಬೆಂಗಳೂರು ಕಡೆಯವರು ರೈಲಿನಲ್ಲಿ ಪುಣೆಗೆ ಹೋಗಿ ಅಲ್ಲಿಂದ ಬಸ್ ಹಿಡಿಯಬಹುದು. ಘಾಟಿ ಇಳಿಯಬೇಕು, ಹಾಗಾಗಿ ನಾಲ್ಕು ಗಂಟೆಗಿಂತ ಜಾಸ್ತಿಯೇ ಇಟ್ಟುಕೊಳ್ಳಿ. ಕರಾವಳಿಯವರಿಗೆ ಸುಲಭ. ಮಂಗಳೂರು, ಕಾರವಾರ ಹಾದು ಹೋಗುವ ಹೆದ್ದಾರಿ 66 ಮಹಾಡ್ ಪಕ್ಕದಲ್ಲೇ ಸಾಗುತ್ತದೆ. ಕೊಂಕಣ ರೈಲ್ವೆಯಲ್ಲಿ ಹತ್ತಿರದ ನಿಲ್ದಾಣ ವೀರ್. ಎಲ್ಲ ಎಕ್ಸ್‌ಪ್ರೆಸ್‌ಗಳೂ ಅಲ್ಲಿ ನಿಲ್ಲುವುದಿಲ್ಲ, ಖೇಡ್ ಅಥವಾ ಮಾಣಗಾಂವ್‌ನಲ್ಲಿ ಇಳಿದು ಬಸ್ ಹತ್ತಬೇಕಾಗಬಹುದು. ಜುಲೈ, ಆಗಸ್ಟ್ ಬೇಡವೇ ಬೇಡ. ಸಾವಿತ್ರಿ ನದಿ ಉಕ್ಕಿದರೆ ಊರೊಳಗೇ ನೀರು ಬರುತ್ತದೆ. 2021ರ ಜುಲೈನಲ್ಲಿ ಮಹಾಡ್ ಮುಳುಗಿತ್ತು, ಅದೇ ತಾಲ್ಲೂಕಿನ ತಳಿಯೆ ಊರಿನ ಮೇಲೆ ಗುಡ್ಡ ಕುಸಿದಿತ್ತು. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಮಾರ್ಚ್ 20ಕ್ಕೇ ಹೋಗುವುದಾದರೆ ರೂಮು ಬಹಳ ಮುಂಚೆ ನೋಡಿಕೊಳ್ಳಿ. ಸೆಕೆಯೂ ಇರುತ್ತದೆ, ಟೋಪಿ, ನೀರು ಜೊತೆಗಿರಲಿ.

ಈಗ ಮುಖ್ಯ ವಿಷಯ. ಸುಮ್ನೆ ಹೋಗಿ ನಿಂತರೆ ಅದು ಊರ ನಡುವಿನ ಒಂದು ಕೆರೆ ಅಷ್ಟೆ. ಸುತ್ತ ಮನೆಗಳು, ಸ್ಕೂಟರ್‌ಗಳು, ಹಸಿರುಗಟ್ಟಿದ ನೀರು, ಬಾಬಾಸಾಹೇಬರ ಪ್ರತಿಮೆ. ಫೋಟೋ ತೆಗೆದು ಹೊರಟರೆ ಹತ್ತೇ ನಿಮಿಷ. ಹಾಗೆ ಬಂದು ಹೋದವರನ್ನು ನೋಡಿದೆವು, ಬೇಜಾರಾಯಿತು. ಕೆರೆ ತಾನಾಗಿ ಏನೂ ಹೇಳುವುದಿಲ್ಲ. ಅದರ ಬಾಯಿ ಇರುವುದು ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಅದೇ ಊರಿನಲ್ಲಿ ಮಾಡಿದ ಭಾಷಣದಲ್ಲಿ. ಅವರ ಬರಹ, ಭಾಷಣಗಳ ಸಂಪುಟಗಳು ಕನ್ನಡದಲ್ಲಿ ಬಂದಿವೆ. ಊರಿನ ಲೈಬ್ರರಿಯಲ್ಲಿ ಹುಡುಕಿ, ಆ ಕೆಲವು ಪುಟ ಜೆರಾಕ್ಸ್ ಮಾಡಿಸಿ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ನಾನು ಸಂಪುಟ ಭಾರ ಅಂತ ಮನೆಯಲ್ಲೇ ಬಿಟ್ಟು ಮೊಬೈಲಿನಲ್ಲಿ ಪುಟಗಳ ಫೋಟೋ ಇಟ್ಟುಕೊಂಡಿದ್ದೆ. ಕೆರೆ ದಂಡೆಯ ಬಿಸಿಲಿಗೆ ಒಂದಕ್ಷರ ಕಾಣಲಿಲ್ಲ. ಕೊನೆಗೆ ಅಪ್ಪನ ಟವೆಲ್ಲನ್ನು ಇಬ್ಬರ ತಲೆ ಮೇಲೂ ಹೊದ್ದುಕೊಂಡು ಓದಿದೆ.

ಆ ಭಾಷಣದ ಒಂದು ಮಾತಿನ ಸಾರ ಇಷ್ಟು: ಈ ನೀರು ಕುಡಿದರೆ ನಾವೇನೂ ಅಮರರಾಗುವುದಿಲ್ಲ, ಇಷ್ಟು ದಿನ ಇದನ್ನು ಕುಡಿಯದೆಯೂ ಬದುಕಿದ್ದೇವೆ. ಎಲ್ಲರ ಹಾಗೆ ನಾವೂ ಮನುಷ್ಯರು ಎಂದು ಸಾರುವುದಕ್ಕೆ ಕೆರೆಗೆ ಹೋಗುತ್ತಿದ್ದೇವೆ. ಇಲ್ಲಿ ಅಪ್ಪ "ಇನ್ನೊಂದ್ಸಲ ಓದು" ಅಂದರು. ಮೂರು ಸಲ ಓದಿಸಿದರು.

ಹಿಂದಿನ ಕಥೆ ಗೊತ್ತಿದ್ದರೆ ಆ ಮಾತು ಇನ್ನೂ ನಾಟುತ್ತದೆ. ಸಾರ್ವಜನಿಕ ಕೆರೆ, ಬಾವಿ ಎಲ್ಲರಿಗೂ ತೆರೆದಿರಬೇಕು ಎಂದು ಮುಂಬಯಿ ಶಾಸನಸಭೆ 1923ರಲ್ಲೇ ಅದರ ಸದಸ್ಯ ಬೋಳೆಯವರ ಠರಾವು ಒಪ್ಪಿತ್ತು. ಮರುವರ್ಷ ಮಹಾಡ್ ಪುರಸಭೆಯೂ ಒಪ್ಪಿತು. ಆದರೆ ಅದು ಕಾಗದದಲ್ಲೇ ಉಳಿಯಿತು. ದನ ಕರು ನೀರು ಕುಡಿಯಬಹುದು, ಬೇರೆ ಧರ್ಮದವರು ಕುಡಿಯಬಹುದು, ದಲಿತರು ಮಾತ್ರ ಮುಟ್ಟುವಂತಿರಲಿಲ್ಲ. ಮಾರ್ಚ್ 20ರಂದು ಮುಟ್ಟಿದರು. ವೀರೇಶ್ವರ ಗುಡಿಗೂ ನುಗ್ಗುತ್ತಾರಂತೆ ಎಂದು ಮೇಲ್ಜಾತಿಯವರು ಊರಲ್ಲಿ ಸುಳ್ಳು ಸುದ್ದಿ ಹಬ್ಬಿಸಿ, ಊಟಕ್ಕೆ ಕೂತಿದ್ದವರ ಮೇಲೆ ದೊಣ್ಣೆ ಹಿಡಿದು ಬಿದ್ದರು. ಆಮೇಲೆ ಸೆಗಣಿ, ಗಂಜಲ, ಹಾಲು, ಮೊಸರು ತುಂಬಿದ 108 ಕೊಡಗಳಿಂದ ಕೆರೆಯನ್ನು "ಶುದ್ಧ" ಮಾಡಿದರು. ಆ ಗುಡಿ ಈಗಲೂ ಊರಿನಲ್ಲಿದೆ.

ಮತ್ತೆ ನೀರು ಮುಟ್ಟಲೆಂದು ಕರೆದ ಡಿಸೆಂಬರ್ ಸಭೆಗೆ ಯಾರೂ ಜಾಗ ಕೊಡದಿದ್ದಾಗ ಕೊಟ್ಟವರು ಫತ್ತೇಖಾನ್ ಎಂಬ ಮುಸ್ಲಿಂ ಗೃಹಸ್ಥರು. ಮನುಸ್ಮೃತಿ ಸುಟ್ಟದ್ದು ಆ ಸಭೆಯಲ್ಲಿ, ಅದನ್ನು ಮುಂದೆ ನಿಂತು ನಡೆಸಿದವರಲ್ಲಿ ಸಹಸ್ರಬುದ್ಧೆ ಎಂಬ ಬ್ರಾಹ್ಮಣರೂ ಇದ್ದರು. ಈಗ ನೆನಪಿಗೆ ಕ್ರಾಂತಿಸ್ತಂಭ ಇದೆ. ಕೆರೆ ನೋಡಿದ ಮೇಲೆ ಅಲ್ಲಿಗೆ ಹೋಗಿ, ಆಟೋದವರಿಗೆ "ಕ್ರಾಂತಿಸ್ತಂಭ" ಎಂದರೆ ಸಾಕು. ಅಲ್ಲಿ ನಾನು ನೆನೆದದ್ದು ಆ ಸಭೆಗೆ ಬಂದ ಹೆಂಗಸರಿಗೆ ಬಾಬಾಸಾಹೇಬರು ಹೇಳಿದ ಮಾತುಗಳನ್ನು. ಜಾತಿ ಗುರುತಾಗುವ ಹಾಗೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಉಡಬೇಡಿ, ಕೈತುಂಬ ಆ ಭಾರದ ಬೆಳ್ಳಿ ಒಡವೆ ಹಾಕಬೇಡಿ ಅಂದಿದ್ದರು. ಅನೇಕರು ಅಲ್ಲೇ ಸೀರೆ ಇಳಿಸಿ ಉಟ್ಟು ಊರಿಗೆ ಹೊರಟರಂತೆ. ನನ್ನ ಅಜ್ಜಿಯ ಸೀರೆ ಕೊನೆವರೆಗೂ ಮೊಣಕಾಲಿನ ಹತ್ತಿರವೇ ಇತ್ತು. ಆ ಮಾತು ನಮ್ಮೂರು ಮುಟ್ಟಲು ಎಷ್ಟು ತಡವಾಯಿತು ಅಲ್ವಾ?

ಡಿಸೆಂಬರ್‌ನಲ್ಲಿ ನೀರು ಮುಟ್ಟಲಿಲ್ಲ, ಕೋರ್ಟಿನ ತಡೆಯಾಜ್ಞೆ ಬಂದಿತ್ತು. ಮೆರವಣಿಗೆ ಕೆರೆಯನ್ನು ಸುತ್ತಿಕೊಂಡು ವಾಪಸಾಯಿತು. ನೀವೂ ಒಂದು ಸುತ್ತು ನಡೆಯಿರಿ, ನಿಧಾನವಾಗಿ, ಮಾತಾಡದೆ. ಬಾಂಬೆ ಹೈಕೋರ್ಟಿನ ತೀರ್ಪು ದಲಿತರ ಪರವಾಗಿ ಬಂದಿದ್ದು 1937ರ ಮಾರ್ಚ್ 17ಕ್ಕೆ. ಹತ್ತು ವರ್ಷಕ್ಕೆ ಮೂರೇ ದಿನ ಕಡಿಮೆ.

ಮಾರ್ಚ್ 20ಕ್ಕೆ ಹೋದರೆ ಬೀದಿಯಲ್ಲಿ ಪುಸ್ತಕದ ಸಾಲುಗಳು ಇರುತ್ತವೆ, ಹೆಚ್ಚಿನವು ಮರಾಠಿ. ಓದಲು ಬರದಿದ್ದರೂ ನಿಂತು ನೋಡಿ. ಈ ಹೋರಾಟ ಕಲ್ಲಿಗಿಂತ ಜಾಸ್ತಿ ಉಳಿದಿರುವುದು ಕಾಗದದಲ್ಲಿ, ಹಾಡಿನಲ್ಲಿ. ಬಾಬಾಸಾಹೇಬರೂ ಕೆರೆ ಮುಟ್ಟಿದ ಎರಡೇ ವಾರಕ್ಕೆ 'ಬಹಿಷ್ಕೃತ ಭಾರತ' ಪತ್ರಿಕೆ ಶುರು ಮಾಡಿದ್ದರು. ನಮ್ಮಲ್ಲೂ ಹೀಗೇ ಆಗಿದೆ. 1973ರಲ್ಲಿ ಮೈಸೂರಿನಲ್ಲಿ ದಲಿತ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಅಂದರು, ಮಂತ್ರಿಗಿರಿ ಹೋಯಿತು. ಆಗ ಅಪ್ಪ ಹಾಸ್ಟೆಲ್ ಹುಡುಗ. ಎರಡು ದಿನ ರೂಮಿನ ಬಾಗಿಲು ತೆಗೆಯಲಿಲ್ಲವಂತೆ, ಆ ಮಾತಿಗೆ ಸಿಟ್ಟಾದವರು ಹೊರಗೆ ಹೊಡೆಯಲು ಕಾಯುತ್ತಿದ್ದರಂತೆ. ಎರಡು ವರ್ಷಕ್ಕೆ ಕವಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಅದರ ಪದ್ಯಗಳನ್ನು ಅಪ್ಪ ಈಗಲೂ ನೋಡದೆ ಹೇಳುತ್ತಾರೆ.

ಸಮಯ ಇದ್ದರೆ ಊರ ಹೊರಗೆ ಹೆದ್ದಾರಿ ಪಕ್ಕದ ಗಾಂಧಾರಪಾಲೆ ಬೌದ್ಧ ಗುಹೆಗಳನ್ನೂ ನೋಡಿ. ಹತ್ತಬೇಕು, ಮಂಡಿ ನೋವಿನವರಿಗೆ ಕಷ್ಟ. ನಾವು ಕೆಳಗಿನಿಂದಲೇ ನೋಡಿದೆವು.

ಕೆರೆಯ ನೀರು ಕುಡಿಯಬೇಡಿ, ಕುಡಿಯುವ ಹಾಗಿಲ್ಲ. ಮುಟ್ಟಿ, ಸಾಕು. ಮೆಟ್ಟಿಲು ಪಾಚಿಗೆ ಜಾರುತ್ತವೆ, ವಯಸ್ಸಾದವರ ಕೈ ಹಿಡಿದುಕೊಳ್ಳಿ.

ಅಪ್ಪ ಕೈ ಕೊಡಲಿಲ್ಲ. ಚಪ್ಪಲಿ ಬಿಟ್ಟು ಮೊದಲನೇ ಮೆಟ್ಟಿಲಲ್ಲಿ ನಿಂತರು. "ನಮ್ಮೂರ ಬಾವಿಗೂ ಮೆಟ್ಟಿಲಿತ್ತು" ಅಂದರು. "ಅವ್ವ ಬಿಂದಿಗೆ ಇಟ್ಕೊಂಡು ಮೇಲೇ ನಿಲ್ಲೋಳು. ಯಾರಾದ್ರೂ ಮೊಗೆದು ಸುರಿದ್ರೆ ನೀರು. ನಾನು ಮೇಲಿಂದಾನೇ ಎಣಿಸ್ತಿದ್ದೆ, ಹದಿನಾಲ್ಕು." ಇದನ್ನು ನನಗೆ ಅದುವರೆಗೂ ಹೇಳಿರಲಿಲ್ಲ. ಆಮೇಲೆ ಒಂದೊಂದೇ ಮೆಟ್ಟಿಲು ಇಳಿದು, ನೀರಿನಲ್ಲಿ ಪಾದ ಇಟ್ಟು ಕೂತರು. ಅರ್ಧ ಗಂಟೆ ಏಳಲಿಲ್ಲ. ಪುಣೆ ಬಸ್ ಹೋಗಿಬಿಟ್ಟಿತು. ನೀವು ವಾಪಸ್ ಬಸ್ಸನ್ನು ಸಂಜೆಗೇ ಇಟ್ಟುಕೊಳ್ಳಿ.