ಫ್ರೇಜರ್ ಟೌನಿಂದ ಫ್ರೇಜರ್ ನದಿಗೆ: ವ್ಯಾಂಕೂವರ್ ಕಡೆ ಹೋಗೋರಿಗೆ

ನಾನು ಹುಟ್ಟಿ ಬೆಳೆದಿದ್ದು ಬೆಂಗಳೂರಿನ ಫ್ರೇಜರ್ ಟೌನಲ್ಲಿ. ಬೋರ್ಡಲ್ಲಿ ಪುಲಕೇಶಿನಗರ ಅಂತಿದ್ರೂ ಆಟೋದವ್ರಿಗೆ ಇವತ್ತಿಗೂ ಫ್ರೇಜರ್ ಟೌನ್ ಅಂದ್ರೇನೇ ತಿಳಿಯೋದು. ಆ ಹೆಸರು ಸ್ಟುವರ್ಟ್ ಫ್ರೇಜರ್ ಅವ್ರದ್ದು, ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಪಾಠ ಹೇಳಿದವ್ರು, ಆಮೇಲೆ ಮೈಸೂರಲ್ಲಿ ಬ್ರಿಟಿಷರ ಪ್ರತಿನಿಧಿ, ಅಂದ್ರೆ ರೆಸಿಡೆಂಟ್ ಆದ್ರು. ಹೋದ ವರ್ಷ ಸೆಪ್ಟೆಂಬರಲ್ಲಿ ಕೆನಡಾದ ವ್ಯಾಂಕೂವರ್ ಹತ್ರದ ಸರ್ರೆಲಿರೋ ಅಕ್ಕನ ಮನೆಗೆ ಹೋದ್ರೆ ಅಲ್ಲೂ ನದಿ ಫ್ರೇಜರ್, ಸೇತುವೆ ಫ್ರೇಜರ್, ಯೂನಿವರ್ಸಿಟಿನೂ ಫ್ರೇಜರ್! ಸ್ಕಾಟ್ಲೆಂಡಿನ ಒಂದೇ ಮನೆತನದ ಹೆಸರು, ಆದ್ರೆ ಜನ ಬೇರೆ ಬೇರೆ.

ಸೇತುವೆ ಅಲೆಕ್ಸ್ ಫ್ರೇಜರ್ ಅನ್ನೋ ಸಾರಿಗೆ ಮಂತ್ರಿ ಹೆಸರಿನದು. 1986ರಲ್ಲಿ ಓಪನ್ ಆದಾಗ ಪ್ರಪಂಚದಲ್ಲೇ ಉದ್ದದ ಕೇಬಲ್-ಸ್ಟೇಯ್ಡ್ (ಎತ್ತರದ ಕಂಬಗಳಿಂದ ನೇರ ಕೇಬಲ್ ಎಳೆದು ಹಿಡಿದ) ಸೇತುವೆ ಅದು, ಮಧ್ಯದ ಹರವು 465 ಮೀಟರ್. ಆಫೀಸ್ ಟೈಮಲ್ಲಿ ಮಾತ್ರ ಆ ಕಡೆ ಹೋಗ್ಬೇಡಿ, ಟ್ರಾಫಿಕ್ ನಮ್ಮ ಸಿಲ್ಕ್ ಬೋರ್ಡ್ ನೆನಪು ತರುತ್ತೆ. ಕಾರಿಲ್ಲದವ್ರು ನ್ಯೂ ವೆಸ್ಟ್‌ಮಿನ್‌ಸ್ಟರಿಂದ ಸರ್ರೆಗೆ ಸ್ಕೈಟ್ರೈನ್ ಹತ್ತಿ ಕಿಟಕಿ ಪಕ್ಕ ಕೂತ್ಕೊಳ್ಳಿ, ರೈಲು ನದಿ ಮೇಲೇ ಹೋಗುತ್ತೆ. ಸೈಮನ್ ಫ್ರೇಜರ್ ಯೂನಿವರ್ಸಿಟಿ ಬರ್ನಬಿ ಬೆಟ್ಟದ ಮೇಲಿದೆ, ಪ್ರೊಡಕ್ಷನ್ ವೇ ಸ್ಟೇಷನ್ನಿಂದ ಬಸ್ ಸಿಗುತ್ತೆ, ಅರ್ಧ ದಿನ ಸಾಕು.

ಆದ್ರೆ ನಿಜವಾದ ಫ್ರೇಜರ್ ನದಿ ನೋಡ್ಬೇಕಂದ್ರೆ ಅದು ಹರಿದು ಬರೋ ಕಡೆಗೆ, ಮೇಲಕ್ಕೆ ಹೋಗ್ಬೇಕು. ರಾಕಿ ಬೆಟ್ಟಗಳಲ್ಲಿರೋ ಬ್ಯಾನ್ಫ್‌ಗೆ ಹೋಗೋರೆಲ್ಲ ಹೋಪ್ ಊರಲ್ಲಿ ದೊಡ್ಡ ಹೈವೇ 5 ಹಿಡಿದು ಹೋಗ್ಬಿಡ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ಅಲ್ಲಿ ಹಳೇ ಹೈವೇ 1 ಹಿಡೀರಿ. ವ್ಯಾಂಕೂವರಿಂದ ಹೋಪ್ ಸುಮಾರು 150 ಕಿಲೋಮೀಟರ್. ಪೆಟ್ರೋಲ್ ಅಲ್ಲೇ ಫುಲ್ ಮಾಡ್ಸಿ, ಮ್ಯಾಪ್ ಡೌನ್‌ಲೋಡ್ ಮಾಡ್ಕೊಳ್ಳಿ, ಮುಂದೆ ನಮಗೆ ಸುಮಾರು ಕಡೆ ಸಿಗ್ನಲ್ ಸಿಗ್ಲಿಲ್ಲ. ಸಸ್ಯಾಹಾರಿಗಳು ಊಟ ಕಟ್ಕೊಂಡೇ ಹೋಗಿ. ಅಕ್ಕ ಚಪಾತಿ, ಮೊಸರನ್ನ ಮಾಡ್ಕೊಟ್ಟಿದ್ಲು, ಇಲ್ದಿದ್ರೆ ಬರೀ ಚಿಪ್ಸೇ ಗತಿ.

ಏಳು ಟನಲ್ ಬರುತ್ತೆ, ಅದರ ನಡುವೆ ಹೆಲ್ಸ್ ಗೇಟ್. 1375 ಕಿಲೋಮೀಟರ್ ಹರಿಯೋ ಅಷ್ಟು ದೊಡ್ಡ ನದಿ ಇಲ್ಲಿ ಸುಮಾರು 35 ಮೀಟರ್ ಅಗಲದ ಬಂಡೆ ಸಂದಿಲಿ ನುಗ್ಗುತ್ತೆ. 1808ರಲ್ಲಿ ಸೈಮನ್ ಫ್ರೇಜರ್ ಇದೇ ನದಿ ಹಿಡ್ಕೊಂಡು ಇಳಿದಿದ್ದು, ತುಪ್ಪಳದ ವ್ಯಾಪಾರದವ್ನು, ಅದನ್ನ ಕೊಲಂಬಿಯಾ ನದಿ ಅಂದ್ಕೊಂಡಿದ್ದ. ದೋಣಿ ಬಿಟ್ಟು, ಸ್ಥಳೀಯ ಮೂಲನಿವಾಸಿಗಳು ಬಂಡೆಗೆ ಕಟ್ಟಿದ್ದ ಏಣಿ ಹತ್ತಿ ದಾಟಿದ್ದು. ಅವ್ರಿಲ್ದೆ ಅವನು ಸಮುದ್ರದ ಹತ್ರಕ್ಕೂ ಬರ್ತಿರ್ಲಿಲ್ಲ, ಆದ್ರೂ ಹೆಸರು ಉಳಿದಿದ್ದು ಅವನದ್ದೇ, ಅದು ನನಗೆ ತುಂಬಾ ಕಾಡ್ತು. 1914ರಲ್ಲಿ ರೈಲ್ವೆ ಕೆಲಸಕ್ಕೆ ಬಂಡೆ ಕುಸಿದು ಸಾಲ್ಮನ್ ಮೀನಿನ ದಾರಿನೇ ಕಟ್ಟಿತ್ತಂತೆ, ಆಮೇಲೆ 1940ರ ದಶಕದಲ್ಲಿ ಮೀನು ಹತ್ತೋಕೆ ಕಾಂಕ್ರೀಟಲ್ಲಿ ದಾರಿ ಕಟ್ಟಿದ್ರು. ರೋಪ್‌ವೇ ಇದೆ, ಚಳಿಗಾಲದಲ್ಲಿ ಮುಚ್ಚಿರುತ್ತೆ, ಟೈಮಿಂಗ್ ನೋಡ್ಕೊಂಡೇ ಹೊರಡಿ. ನಾವು ಸಂಜೆ ತಲುಪಿ ಗೇಟ್ ಮುಚ್ಚಿದ್ದು ನೋಡಿ, ಮಾರನೇ ದಿನ ಮತ್ತೆ ಬಂದ್ವಿ.

ಇನ್ನೂ ಮುಂದೆ ಲಿಟ್ಟನ್. 2021ರ ಜೂನ್ 29ಕ್ಕೆ ಅಲ್ಲಿ 49.6 ಡಿಗ್ರಿ ಬಿಸಿಲು, ಮಾರನೇ ದಿನ ಬೆಂಕಿ ಬಿದ್ದು ಊರಿನ ಹೆಚ್ಚಿನ ಭಾಗ ಸುಟ್ಟೋಯ್ತು. ಸುಟ್ಟ ಜಾಗಗಳ ಮುಂದೆ ನಿಂತು ಫೋಟೋ ತೆಗೀಬೇಡಿ, ಅವು ಯಾರದೋ ಮನೆ. ನದಿ ಹತ್ರ ಹೋಗಿ. ಅಲ್ಲಿ ಥಾಂಪ್ಸನ್ ನದಿ ಬಂದು ಫ್ರೇಜರಿಗೆ ಸೇರುತ್ತೆ, ನಮ್ಮ ಕೂಡ್ಲಿಲಿ ತುಂಗಾ ಭದ್ರಾ ಸೇರೋ ಹಾಗೆ. ಒಂದು ನೀಲಿ ಹಸಿರು, ಇನ್ನೊಂದು ಹಾಲು ಜಾಸ್ತಿ ಹಾಕಿದ ಟೀ ಬಣ್ಣ, ಸ್ವಲ್ಪ ದೂರ ಗೆರೆ ಎಳೆದಂಗೆ ಪಕ್ಕ ಪಕ್ಕದಲ್ಲೇ ಹರೀತವೆ. ಥಾಂಪ್ಸನ್ ಅಂತ ಹೆಸರಿಟ್ಟಿದ್ದು ಸೈಮನ್ ಫ್ರೇಜರ್, ತನ್ನ ಜೊತೆಗಾರ ಡೇವಿಡ್ ಥಾಂಪ್ಸನ್ ನೆನಪಿಗೆ, ಫ್ರೇಜರ್ ಅಂತ ಹೆಸರಿಟ್ಟಿದ್ದು ಅದೇ ಥಾಂಪ್ಸನ್. ಬೆಳಿಗ್ಗೆ ಬಿಸಿಲಿದ್ದಾಗ ಹೋಗಿ, ಬಣ್ಣದ ಗೆರೆ ಚೆನ್ನಾಗಿ ಕಾಣುತ್ತೆ, ಅಕ್ಕ ನಾನು ಒಂದು ಗಂಟೆ ಮಾತಿಲ್ದೆ ನಿಂತಿದ್ವಿ.